ಮನೆ ಬಾಗಿಲಿಗೆ ಬರುವ ಖಾನೇಷುಮಾರಿ

ಮೈಸೂರು ಸಂಸ್ಥಾನದ ಜನರನ್ನು ಕ್ರಮವರಿತು ಮನೆಮನೆಯಾಗಿ ಎಣಿಸಿದ್ದು 1871ರಲ್ಲಿ. ಆಗ ದೊರೆತ ಸಂಖ್ಯೆ 50,55,412. ಹತ್ತು ವರ್ಷಗಳ ಮೇಲೆ, 1881ರ ಫೆಬ್ರವರಿ 17ರ ರಾತ್ರಿ, ಮತ್ತೆ ಎಣಿಕೆ ನಡೆಯಿತು. ಈ ಸಲ ಸಿಕ್ಕಿದವರು 41,86,188 ಮಂದಿ. ಎಂಟು ಲಕ್ಷದ ಅರವತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ಪಟ್ಟಿಯಲ್ಲಿ ಇರಲಿಲ್ಲ. ನೂರಕ್ಕೆ ಹದಿನೇಳು ಮಂದಿ ಇಲ್ಲವಾಗಿದ್ದರು.

ಇವರೆಲ್ಲ ಎಲ್ಲಿಗೆ ಹೋದರೆಂಬುದನ್ನು ಆ ಕಾಲದ ಯಾರೂ ಕೇಳಬೇಕಾಗಿರಲಿಲ್ಲ. 1876ರಿಂದ 78ರ ವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಬರವನ್ನು ಕಂಡವರು ಇನ್ನೂ ಬದುಕಿದ್ದರು. ಅನಂತರವೂ ಎರಡು ಮೂರು ತಲೆಮಾರುಗಳವರೆಗೆ ನಮ್ಮ ಹಳ್ಳಿಗಳಲ್ಲಿ ಹಿರಿಯರ ವಯಸ್ಸನ್ನು ಲೆಕ್ಕ ಹಾಕುತ್ತಿದ್ದುದು ‘ಧಾತು ಬರಕ್ಕೆ ಮುಂಚೆಯೋ, ಆಮೇಲೆಯೋ’ ಎಂದೇ. ಆದರೆ ಕಂಡವರ ನೆನಪು ಬೇರೆ, ಸಂಸ್ಥಾನದ ಒಟ್ಟು ನಷ್ಟ ಎಷ್ಟೆಂಬ ತಿಳಿವಳಿಕೆ ಬೇರೆ. ಬೀದಿ ಬದಿಯಲ್ಲಿ ಬಿದ್ದವರ ಹೆಸರನ್ನು ಯಾವ ಶಾನುಭೋಗನೂ ಬರೆದುಕೊಂಡಿರಲಿಲ್ಲ. ಬರಕ್ಕೆ ಮುಂಚೆ ಒಮ್ಮೆ, ಬರದ ಬಳಿಕ ಒಮ್ಮೆ ಜನರನ್ನು ಎಣಿಸಿದ್ದರಿಂದಲೇ ಆ ಅನಾಹುತದ ಅಳತೆ ಇಂದಿಗೂ ನಮಗೆ ಸಿಕ್ಕುತ್ತಿದೆ. ನಿಜವಾದ ನಷ್ಟ ಈ ವ್ಯತ್ಯಾಸಕ್ಕಿಂತಲೂ ದೊಡ್ಡದೆಂದೇ ಹೇಳಬೇಕು. ಬರವಿಲ್ಲದಿದ್ದರೆ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಏರಬೇಕಾಗಿತ್ತಷ್ಟೆ. ಆ 1881ರ ಮಾರ್ಚ್ 25ರಂದು ಬ್ರಿಟಿಷರು ಸಂಸ್ಥಾನವನ್ನು ಹತ್ತನೆಯ ಚಾಮರಾಜ ಒಡೆಯರ ಕೈಗೆ ಮರಳಿ ಒಪ್ಪಿಸಿದರು. ತಾವು ಆಳಬೇಕಾದ ಪ್ರಜೆಗಳೆಷ್ಟು ಉಳಿದಿದ್ದಾರೆಂಬುದನ್ನು ಎಣಿಸಿ ಇನ್ನೂ ಐದು ವಾರವಾಗಿತ್ತು.

ಕತ್ತಲಲ್ಲಿ ಕಂದೀಲು ಹಿಡಿದು

ಜನಗಣತಿಗೆ ಹಳೆಯ ಮೈಸೂರಿನ ಕಡತಗಳಲ್ಲಿ ‘ಖಾನೇಷುಮಾರಿ’ ಎಂಬ ಹೆಸರುಂಟು. ಇದು ಪಾರಸೀ ಮಾತು. ‘ಖಾನೆ’ ಎಂದರೆ ಮನೆ, ‘ಷುಮಾರಿ’ ಎಂದರೆ ಎಣಿಕೆ. ಇದೇ ‘ಷುಮಾರ್’ ಕನ್ನಡಕ್ಕೆ ಬಂದು ‘ಸುಮಾರು’ ಎಂದಾಗಿ, ಲೆಕ್ಕ ಎಂಬ ಅರ್ಥವನ್ನು ಕಳೆದುಕೊಂಡು, ಹೆಚ್ಚುಕಡಮೆ ಎಂಬ ಅರ್ಥವನ್ನು ಪಡೆದುಕೊಂಡಿತು. ಗಣತಿಯ ಅಧಿಕಾರಿಗಳು ಈ ಪದದ ಚರಿತ್ರೆಯನ್ನು ಕೇಳಿದರೆ ನಕ್ಕಾರು, ಇಲ್ಲವೆ ನಿಟ್ಟುಸಿರಿಟ್ಟಾರು.

ರಾಜ್ಯವಾಳುವವರು ಜನರನ್ನು ಎಣಿಸುವುದು ಹೊಸ ಸಂಗತಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಐದು ಅಥವಾ ಹತ್ತು ಗ್ರಾಮಗಳಿಗೆ ‘ಗೋಪ’ನೆಂಬ ಅಧಿಕಾರಿಯನ್ನು ನೇಮಿಸಿ, ಮನೆಗಳನ್ನೂ, ಅವುಗಳಲ್ಲಿರುವವರ ಜಾತಿ, ಕಸುಬು, ಆದಾಯ, ವೆಚ್ಚಗಳನ್ನೂ ಬರೆದಿಡಬೇಕೆಂದು ವಿಧಿಸಿದೆ. ಆದರೆ ಆ ಲೆಕ್ಕ ತೆರಿಗೆಗಾಗಿ, ಬಿಟ್ಟಿ ದುಡಿಮೆಗಾಗಿ ನಡೆದದ್ದು. ‘ಸರ್ಕಾರದವರು ತಲೆ ಎಣಿಸಲು ಬಂದರೆ ಹಿಂದೆಯೇ ಕಂದಾಯ ಬರುತ್ತದೆ’ ಎಂದು ಜನ ಹೆದರಿದ್ದಕ್ಕೆ ಈ ಹಳೆಯ ಅನುಭವವೇ ಕಾರಣವಿದ್ದೀತು. ಬ್ರಿಟಿಷರು ಮೊದಲ ಸಲ ಭಾರತವನ್ನೆಲ್ಲ ಎಣಿಸಹೊರಟಾಗಲೂ ತಲೆಗಂದಾಯದ ವದಂತಿ ಊರೂರಿಗೆ ಹಬ್ಬಿತ್ತು. 1872ರ ಗಣತಿಯೆಂದು ಕರೆಯಲಾಗುವುದು ವಾಸ್ತವವಾಗಿ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ವರ್ಷ ನಡೆದ ಎಣಿಕೆಗಳ ಕೂಟ. ದೇಶಕ್ಕೆಲ್ಲ ಒಂದೇ ಹೊತ್ತಿನಲ್ಲಿ ನಡೆದ ಮೊದಲ ಗಣತಿ 1881ರದು. ಅಲ್ಲಿಂದ 2011ರ ವರೆಗೆ, ಎರಡು ಮಹಾಯುದ್ಧಗಳು, ಇನ್‌ಫ್ಲುಯೆಂಜಾ, ದೇಶವಿಭಜನೆ ಎಲ್ಲವನ್ನೂ ದಾಟಿ, ಹತ್ತು ವರ್ಷಕ್ಕೊಮ್ಮೆ ತಪ್ಪದೆ ಹದಿನಾಲ್ಕು ಸಲ ಈ ಕಾರ್ಯ ನಡೆಯಿತು. 1981ರಲ್ಲಿ ಅಸ್ಸಾಮಿನಲ್ಲಿಯೂ 1991ರಲ್ಲಿ ಜಮ್ಮು ಕಾಶ್ಮೀರದಲ್ಲಿಯೂ ಅಲ್ಲಿನ ಗಲಭೆಗಳಿಂದಾಗಿ ಎಣಿಕೆ ಸಾಧ್ಯವಾಗಲಿಲ್ಲ.

1931ರ ವರೆಗಿನ ಪದ್ಧತಿ ವಿಚಿತ್ರವೂ ರೋಚಕವೂ ಆಗಿದ್ದಿತು. ವಾರಗಳ ಮುಂಚೆಯೇ ಮನೆಗಳಿಗೆ ಸಂಖ್ಯೆ ಬರೆದು, ಅಲ್ಲಿರುವವರ ಹೆಸರನ್ನು ಕರಡಿನಲ್ಲಿ ಸೇರಿಸಿಕೊಂಡು, ಗೊತ್ತಾದ ಒಂದೇ ರಾತ್ರಿ ದೇಶದ ಎಲ್ಲ ಗಣತಿದಾರರೂ ತಮ್ಮ ತಮ್ಮ ಬೀದಿಗಳನ್ನು ಸುತ್ತಿ ಬರಬೇಕು. ಆ ರಾತ್ರಿ ಮನೆಯಲ್ಲಿ ಇದ್ದವರ ಹೆಸರು ಉಳಿಯುತ್ತಿತ್ತು, ಇಲ್ಲದವರ ಹೆಸರಿಗೆ ಗೀಟು ಬೀಳುತ್ತಿತ್ತು, ಬಂದ ನೆಂಟರ ಹೆಸರು ಸೇರುತ್ತಿತ್ತು. ಇಂಥ ರಾತ್ರಿಯನ್ನು ಗೊತ್ತುಮಾಡುವುದೇ ಒಂದು ದೊಡ್ಡ ಕೆಲಸ. ಬೆಳದಿಂಗಳಿರಬೇಕು, ಮಳೆಗಾಲವಾಗಿರಬಾರದು; ಜಾತ್ರೆ, ತೀರ್ಥಸ್ನಾನ, ಮದುವೆಯ ಲಗ್ನಗಳು ಬೀಳಬಾರದು. ಹೀಗಾಗಿ ಬಿಳಿಯ ಅಧಿಕಾರಿಗಳೂ ಪಂಚಾಂಗ ನೋಡಬೇಕಾಯಿತು! ಪಟೇಲರು, ಶಾನುಭೋಗರು, ಊರಿನ ಮೇಷ್ಟ್ರುಗಳು ಕಂದೀಲು ಹಿಡಿದು ನಡೆದರು. ರೈಲಿನಲ್ಲಿದ್ದವರನ್ನು, ದೋಣಿಗಳಲ್ಲಿದ್ದವರನ್ನು, ಛತ್ರಗಳಲ್ಲಿ ಮಲಗಿದವರನ್ನು ಎಣಿಸಲು ಬೇರೆ ಏರ್ಪಾಡು. 1931ರಲ್ಲಿ ಕಾಂಗ್ರೆಸ್ಸು ಗಣತಿಯನ್ನು ಬಹಿಷ್ಕರಿಸಲು ಕರೆಕೊಟ್ಟದ್ದರಿಂದ ಕೆಲವೆಡೆ ಮನೆಗಳ ಮೇಲಿನ ಸಂಖ್ಯೆಗಳನ್ನು ಅಳಿಸಿದ್ದೂ ಉಂಟು. 1941ರಿಂದ ಈ ಒಂದು ರಾತ್ರಿಯ ಪದ್ಧತಿಯನ್ನು ಕೈಬಿಟ್ಟು, ಎಣಿಕೆಯನ್ನು ಹಲವು ದಿನಗಳಿಗೆ ಹರಡಲಾಯಿತು.

ಒಲೆಯೇ ಗುರುತು

ಇಪ್ಪತ್ತು ದಿನಗಳಲ್ಲಿ ಮುಗಿಯುವ ಎಣಿಕೆಗೆ ಸಿದ್ಧತೆ ಮೂರು ನಾಲ್ಕು ವರ್ಷಗಳದು. ಅದರ ಮೂಲಸೂತ್ರ ಒಂದೇ: ದೇಶದ ನೆಲದಲ್ಲಿ ಯಾರಿಗೂ ಸೇರದ ಜಾಗ ಉಳಿಯಬಾರದು, ಇಬ್ಬರಿಗೆ ಸೇರಿದ ಜಾಗವೂ ಇರಬಾರದು. ಇದಕ್ಕಾಗಿ ಜಿಲ್ಲೆ, ತಾಲ್ಲೂಕು, ಗ್ರಾಮ, ಪಟ್ಟಣಗಳ ಮೇರೆಗಳನ್ನು ಒಂದು ದಿನಾಂಕದಿಂದ ಅಲುಗದಂತೆ ನಿಲ್ಲಿಸಿಬಿಡುತ್ತಾರೆ. ಅಂದಿನಿಂದ ಗಣತಿ ಮುಗಿಯುವವರೆಗೆ ಯಾವ ಸರ್ಕಾರವೂ ಹೊಸ ತಾಲ್ಲೂಕು ಮಾಡುವಂತಿಲ್ಲ. ಆಮೇಲೆ ಪ್ರತಿ ಗ್ರಾಮವನ್ನೂ ಪ್ರತಿ ಪೇಟೆಯನ್ನೂ ಸಣ್ಣ ಸಣ್ಣ ಬ್ಲಾಕುಗಳಾಗಿ ಒಡೆಯುವುದು. ಒಂದು ಬ್ಲಾಕಿನಲ್ಲಿ ಆರೇಳುನೂರು ಜನ. ಒಬ್ಬ ಗಣತಿದಾರ ನಡೆದು ಮುಗಿಸಬಹುದಾದಷ್ಟು. ಆತ ಮೊದಲು ಮಾಡಬೇಕಾದ ಕೆಲಸ ತನ್ನ ಬ್ಲಾಕಿನ ನಕಾಶೆಯನ್ನು ಕೈಯಿಂದ ಬರೆಯುವುದು: ಇಲ್ಲೊಂದು ಅರಳಿಕಟ್ಟೆ, ಅಲ್ಲೊಂದು ಗಿರಣಿ, ಈ ಕಡೆ ಚರಂಡಿ, ಆ ಚರಂಡಿಯ ಆಚೆಯ ದಡ ಇನ್ನೊಬ್ಬರ ಬ್ಲಾಕು. 2011ರಲ್ಲಿ ಈ ರೀತಿ ಸುಮಾರು 6,41,000 ಗ್ರಾಮಗಳನ್ನೂ 7,935 ಪಟ್ಟಣಗಳನ್ನೂ ಹಂಚಿಕೊಂಡು ದುಡಿದವರು ಸುಮಾರು 27 ಲಕ್ಷ ಮಂದಿ. ಅವರಲ್ಲಿ ಬಹುಪಾಲು ಶಾಲಾ ಶಿಕ್ಷಕರು.

ಮೊದಲ ಸುತ್ತಿನಲ್ಲಿ ಎಣಿಸುವುದು ಮನೆಗಳನ್ನು. ಮನೆ ಎಂದರೇನು ಎಂಬ ಪ್ರಶ್ನೆಗೆ ಮನೆಯಲ್ಲಿ ಕುಳಿತವರಿಗೆ ಉತ್ತರ ಸುಲಭ, ಗಣತಿಯವರಿಗೆ ಹಾಗಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಸಾರವಿದ್ದರೆ ಅದು ಅಂಗಡಿಯೋ ಮನೆಯೋ? ಪ್ರತ್ಯೇಕವಾದ ಬಾಗಿಲಿದ್ದು, ಅದು ಬೀದಿಗೋ ಎಲ್ಲರಿಗೂ ಸೇರಿದ ಅಂಗಳಕ್ಕೋ ಮೆಟ್ಟಿಲಿಗೋ ತೆರೆದರೆ ಅದನ್ನು ಒಂದು ಘಟಕವೆಂದು ಹಿಡಿಯುವುದು ನಿಯಮ. ಇನ್ನು ಸಂಸಾರವೆಂದರೆ ಯಾವುದು? ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರಿದ್ದಾರೆ. ಆಸ್ತಿ ಒಂದೇ, ಪಡಿತರ ಚೀಟಿ ಎರಡು, ಮಾತು ನಿಂತು ಮೂರು ವರ್ಷವಾಗಿದೆ. ಇದು ಒಂದು ಕುಟುಂಬವೋ ಎರಡೋ? ಗಣತಿಯ ಕೈಪಿಡಿ ಆಸ್ತಿಯನ್ನೂ ಕೇಳುವುದಿಲ್ಲ, ಮನಸ್ತಾಪವನ್ನೂ ಕೇಳುವುದಿಲ್ಲ. ಒಂದೇ ಅಡಿಗೆಮನೆಯಿಂದ ಉಣ್ಣುವವರು ಒಂದು ಕುಟುಂಬ. ಒಲೆ ಬೇರೆಯಾದರೆ ಕುಟುಂಬ ಬೇರೆ. ನಮ್ಮ ಹೆಂಗಸರು ಅನಾದಿಯಿಂದ ಬಲ್ಲ ಸತ್ಯವನ್ನು ಸರ್ಕಾರಿ ಶಾಸ್ತ್ರವೂ ಒಪ್ಪಿಕೊಂಡಿರುವುದು ಸಂತೋಷದ ವಿಷಯ.

ಈ ಮನೆಪಟ್ಟಿಯಲ್ಲಿ ಗೋಡೆ, ಚಾವಣಿ, ನೆಲ, ಕುಡಿಯುವ ನೀರು, ಉರುವಲು, ಬಚ್ಚಲು, ಶೌಚಗೃಹ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಇಂಥ ಒಣ ಪಟ್ಟಿಯಿಂದಲೇ ಕೆಲವೊಮ್ಮೆ ದೇಶ ಬೆಚ್ಚುವಂಥ ಸಂಗತಿ ಹೊರಬೀಳುತ್ತದೆ. 2011ರಲ್ಲಿ ನೂರು ಕುಟುಂಬಗಳಲ್ಲಿ 63ರಲ್ಲಿ ಟೆಲಿಫೋನೋ ಮೊಬೈಲೋ ಇದ್ದಿತು; ಮನೆಯಾವರಣದಲ್ಲಿ ಶೌಚಗೃಹವಿದ್ದುದು 47ರಲ್ಲಿ ಮಾತ್ರ.

ಎರಡನೆಯ ಸುತ್ತು ಜನರದು. 2011ರಲ್ಲಿ ಇದು ಫೆಬ್ರವರಿ 9ರಿಂದ 28ರ ವರೆಗೆ ನಡೆಯಿತು. ಆದರೆ ಲೆಕ್ಕ ನಿಲ್ಲುವುದು ಮಾರ್ಚ್ 1ನೆಯ ತಾರೀಖು ಹುಟ್ಟುವ ಕ್ಷಣದಲ್ಲಿ. ಆ ಕ್ಷಣಕ್ಕೆ ಭಾರತದಲ್ಲಿ ಉಸಿರಾಡುತ್ತಿದ್ದವರೆಷ್ಟು? ಹನ್ನೆರಡು ಹೊಡೆಯುವುದಕ್ಕೆ ಐದು ನಿಮಿಷ ಮುಂಚೆ ಹುಟ್ಟಿದ ಕೂಸು ಲೆಕ್ಕಕ್ಕೆ ಬರುತ್ತದೆ, ಐದು ನಿಮಿಷ ತಡವಾಗಿ ಹುಟ್ಟಿದ್ದು ಹತ್ತು ವರ್ಷ ಕಾಯಬೇಕು. ಹನ್ನೆರಡಕ್ಕೆ ಮುಂಚೆ ಕಣ್ಣುಮುಚ್ಚಿದ ಮುದುಕನ ಹೆಸರಿಗೆ ಗೀಟು. ಅನಂತರ ತೀರಿಕೊಂಡವನು ಆ ದಶಕದ ಕೊನೆಯವರೆಗೂ ಅಂಕಿ ಅಂಶಗಳಲ್ಲಿ ಬದುಕಿರುತ್ತಾನೆ. ಇದಕ್ಕಾಗಿಯೇ ಗಣತಿದಾರ ಮಾರ್ಚ್ 1ರಿಂದ 5ರ ವರೆಗೆ ಪ್ರತಿ ಮನೆಗೂ ಮರಳಿ ಹೋಗಿ, ‘ಮನೆಯಲ್ಲಿ ಹುಟ್ಟು ಸಾವು ಏನಾದರೂ ಆಯಿತೆ?’ ಎಂದು ವಿಚಾರಿಸಿ ಪಟ್ಟಿಯನ್ನು ತಿದ್ದಬೇಕು. ಎಣಿಕೆಯ ಆ ಇಪ್ಪತ್ತು ದಿನವೂ ಪರಸ್ಥಳದಲ್ಲಿಯೇ ಇದ್ದವನನ್ನು ಅವನು ಇದ್ದಲ್ಲಿಯೇ ಎಣಿಸಬೇಕು. ಮಗ ಅಮೆರಿಕದಲ್ಲಿದ್ದರೆ ತಾಯಿ ಎಷ್ಟೇ ಅಭಿಮಾನದಿಂದ ಹೇಳಿದರೂ ಅವನ ಹೆಸರು ಇಲ್ಲಿ ಸೇರುವುದಿಲ್ಲ.

ಗಂಡನ ಹೆಸರು ಹೇಳದ ಹಕ್ಕು

ಇಷ್ಟೊಂದು ಪ್ರಶ್ನೆಗಳನ್ನು ಅಪರಿಚಿತನೊಬ್ಬ ಬಾಗಿಲಲ್ಲಿ ನಿಂತು ಕೇಳುವುದಕ್ಕೆ 1948ರ ಜನಗಣತಿ ಕಾನೂನಿನ ಬಲವಿದೆ. ಉತ್ತರ ಹೇಳಲು ನಿರಾಕರಿಸಿದವರಿಗೂ ಬೇಕೆಂದು ಸುಳ್ಳು ಹೇಳಿದವರಿಗೂ ದಂಡವುಂಟು. ಆದರೆ ಅದೇ ಕಾನೂನಿನ ಎಂಟನೆಯ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ. ಮನೆಯ ಹೆಣ್ಣುಮಕ್ಕಳ ಹೆಸರನ್ನು ಹೇಳಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಗಂಡನ ಹೆಸರನ್ನಾಗಲಿ, ತೀರಿಹೋದ ಗಂಡನ ಹೆಸರನ್ನಾಗಲಿ, ಸಂಪ್ರದಾಯದ ಪ್ರಕಾರ ಉಚ್ಚರಿಸಬಾರದ ಬೇರೆ ಯಾರ ಹೆಸರನ್ನಾಗಲಿ ಹೇಳೆಂದು ಹೆಂಗಸನ್ನು ಬಲವಂತಪಡಿಸುವಂತಿಲ್ಲ. ‘ನಮ್ಮವರು’, ‘ಮಕ್ಕಳ ತಂದೆ’ ಎಂದು ಜೀವನವಿಡೀ ಸಾಗಿಸಿದ, ಮದುವೆಮನೆಯಲ್ಲಿ ಒಡಪಿನೊಳಗೆ ಹುದುಗಿಸಿ ಹೇಳುವುದಕ್ಕೂ ನಾಚುತ್ತಿದ್ದ ನಮ್ಮ ಅಜ್ಜಿಯಂದಿರನ್ನು ಕಾನೂನು ಬರೆದವರು ಚೆನ್ನಾಗಿ ಬಲ್ಲವರೇ ಆಗಿದ್ದಿರಬೇಕು. ಚುನಾವಣೆಯ ಇಲಾಖೆ ಇಷ್ಟು ಮೃದುವಾಗಿರಲಿಲ್ಲ. 1951-52ರ ಮೊದಲ ಮಹಾಚುನಾವಣೆಯ ಸಂದರ್ಭದಲ್ಲಿ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿ, ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಬಿಟ್ಟುಬಿಡಲಾಯಿತು. ಓಟು ಹಾಕುವವನು ಯಾರೆಂದು ಗೊತ್ತಿರಬೇಕು. ಗಣತಿಗೆ ಬೇಕಾದ್ದು ಅಲ್ಲೊಂದು ಹೆಣ್ಣು ಜೀವವಿದೆ, ಅದಕ್ಕೆ ಇಷ್ಟು ವಯಸ್ಸು, ಅದು ಓದಬಲ್ಲದೆ ಇಲ್ಲವೆ ಎಂಬುದು.

ಅದೇ ಕಾನೂನಿನ ಹದಿನೈದನೆಯ ಕಲಮು ಇನ್ನೂ ದೊಡ್ಡದು. ಒಬ್ಬ ವ್ಯಕ್ತಿಯ ಬಗ್ಗೆ ಗಣತಿದಾರ ಬರೆದುಕೊಂಡದ್ದನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಅದು ಸಲ್ಲುವುದೂ ಇಲ್ಲ. ಬಯಲುಮಾಡಿದ ಅಧಿಕಾರಿಗೆ ಸೆರೆವಾಸವೂ ಆಗಬಹುದು. ಈ ಬೇಲಿ ಏತಕ್ಕೆ ಬೇಕೆಂಬುದನ್ನು ಅಮೆರಿಕದ ಒಂದು ಪ್ರಸಂಗ ತೋರಿಸುತ್ತದೆ. 1942ರಲ್ಲಿ ಅಲ್ಲಿಯ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಸಾಗಿಸಿದಾಗ, ಅವರು ಯಾವ ಯಾವ ಬೀದಿಗಳಲ್ಲಿ ಹೆಚ್ಚಾಗಿ ವಾಸವಾಗಿದ್ದಾರೆಂದು ಸೇನೆಗೆ ತಿಳಿಸಲು 1940ರ ಜನಗಣತಿಯ ಅಂಕಿಗಳನ್ನು ಬಳಸಿಕೊಂಡಿದ್ದರು. ಎಣಿಸಿಕೊಂಡವನು ನಂಬಿಕೆಯಿಂದ ಎಣಿಸಿಕೊಂಡಿರುತ್ತಾನೆ. ಆ ನಂಬಿಕೆ ಒಮ್ಮೆ ಕೆಟ್ಟಿತೆಂದರೆ ಮುಂದಿನ ಸಲ ಬಾಗಿಲು ತೆರೆದರೂ ಬಾಯಿ ತೆರೆಯುವುದಿಲ್ಲ.

ಪ್ರಶ್ನೆಯಲ್ಲೇ ಉತ್ತರ

ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ತೀರ್ಮಾನಿಸುವುದೇ ಯೋಜನೆಯ ಅತಿ ಕಷ್ಟವಾದ ಭಾಗ. ಒಂದು ಮಾತು ಅತ್ತಿತ್ತಲಾದರೆ ಕೋಟಿ ಜನ ಪಟ್ಟಿಯಿಂದ ಜಾರಿಹೋಗುತ್ತಾರೆ. 1961ರಲ್ಲಿ ನೂರು ಹೆಂಗಸರಲ್ಲಿ ಸುಮಾರು 28 ಮಂದಿ ದುಡಿಯುವವರೆಂದು ಲೆಕ್ಕವಾಯಿತು. 1971ರಲ್ಲಿ ಆ ಸಂಖ್ಯೆ ಅರ್ಧಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹೆಂಗಸರು ಕಳೆ ಕೀಳುವುದನ್ನು ಬಿಟ್ಟುಬಿಟ್ಟರೆ? ಇಲ್ಲ. ‘ನಿಮ್ಮ ಮುಖ್ಯ ಕೆಲಸ ಯಾವುದು?’ ಎಂದು ಪ್ರಶ್ನೆಯನ್ನು ಬದಲಾಯಿಸಿದ್ದರು. ಬೆಳಗಿನಿಂದ ಗದ್ದೆಯಲ್ಲಿ ನಾಟಿ ಹಾಕಿ ಬಂದವಳ ಮನೆಯಲ್ಲಿ ಈ ಪ್ರಶ್ನೆಗೆ ಯಜಮಾನ ಕೊಡುವ ಉತ್ತರ ಎಲ್ಲರಿಗೂ ಗೊತ್ತಿದೆ: ‘ಅವಳಿಗೇನು ಕೆಲಸ, ಮನೆಯಲ್ಲಿರುತ್ತಾಳೆ.’ 1991ರಲ್ಲಿ ಪ್ರಶ್ನೆಗೆ ‘ಹೊಲದಲ್ಲಾಗಲಿ ಮನೆಯ ಉದ್ಯಮದಲ್ಲಾಗಲಿ ಸಂಬಳವಿಲ್ಲದೆ ಮಾಡಿದ ದುಡಿಮೆಯೂ ಸೇರಿ’ ಎಂಬ ಅರ್ಥದ ಮಾತನ್ನು ಸೇರಿಸಬೇಕಾಯಿತು.

ವಯಸ್ಸಿನ ಕಥೆಯೇ ಬೇರೆ. ಗಣತಿಯ ಕೋಷ್ಟಕಗಳನ್ನು ನೋಡಿದರೆ ಭಾರತದಲ್ಲಿ 39, 41 ವರ್ಷದವರು ಕಡಮೆ, 40 ವರ್ಷದವರು ರಾಶಿರಾಶಿ. ಸೊನ್ನೆಯಲ್ಲಿಯೋ ಐದರಲ್ಲಿಯೋ ಮುಗಿಯುವ ವಯಸ್ಸುಗಳ ಮೇಲೆ ನಮ್ಮವರಿಗೆ ವಿಶೇಷ ಪ್ರೀತಿ. ಈ ವಾಲುವಿಕೆಯನ್ನು ಅಳೆಯುವುದಕ್ಕೇ ಶಾಸ್ತ್ರಜ್ಞರ ಬಳಿ ಸೂಚ್ಯಂಕವುಂಟು.

ಭಾಷೆಯ ಪ್ರಶ್ನೆ ಇನ್ನೂ ನಾಜೂಕು. 1951ರ ಗಣತಿಯಲ್ಲಿ ಪಂಜಾಬಿನ ಕಡೆ ಪಂಜಾಬಿ ಹಿಂದಿಗಳ ಜಗಳ ಎಷ್ಟು ಬಿಸಿಯೇರಿತೆಂದರೆ ಅಲ್ಲಿ ಹಿಂದಿ, ಉರ್ದು, ಪಂಜಾಬಿ, ಪಹಾಡಿಗಳನ್ನು ಬೇರ್ಪಡಿಸದೆ ಒಂದೇ ಗಂಟು ಮಾಡಿ ಪ್ರಕಟಿಸಬೇಕಾಯಿತು. ಅದೇ ಗಣತಿಯ ಭಾಷಾಂಕಿಗಳನ್ನು ಎದುರಿಗಿಟ್ಟುಕೊಂಡೇ ರಾಜ್ಯ ಪುನರ್ವಿಂಗಡಣಾ ಆಯೋಗ ಕೆಲಸ ಮಾಡಿತು. 1956ರಲ್ಲಿ ಕನ್ನಡ ನಾಡು ಒಂದಾದುದರ ಹಿಂದೆ ಚಳವಳಿಯ ಜೊತೆಗೆ ಈ ಕೋಷ್ಟಕಗಳೂ ಇದ್ದವು. 2011ರಲ್ಲಿ ಕನ್ನಡ ತಾಯಿನುಡಿಯೆಂದು ಬರೆಸಿದವರು 4.37 ಕೋಟಿ, ತುಳು ಎಂದವರು 18 ಲಕ್ಷಕ್ಕೂ ಹೆಚ್ಚು, ಕೊಡವ ಎಂದವರು 1.13 ಲಕ್ಷ. ದೇಶದಲ್ಲೆಲ್ಲ ಜನ ಕೊಟ್ಟ ತಾಯಿನುಡಿಯ ಹೆಸರುಗಳು 19,569! ಭಾಷಾಶಾಸ್ತ್ರಜ್ಞರು ಕುಳಿತು ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಕಸುಬಿನ ಹೆಸರುಗಳನ್ನು ಜರಡಿ ಹಿಡಿದ ಮೇಲೆ ಉಳಿದವು 1,369.

ಜಾತಿಯನ್ನು ಎಲ್ಲರಿಂದಲೂ ಕೇಳಿ ಅಂಕಿಗಳನ್ನು ಪ್ರಕಟಿಸಿದ ಕೊನೆಯ ಗಣತಿ 1931ರದು. ಸ್ವತಂತ್ರ ಭಾರತ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳನ್ನು ಮಾತ್ರ ಎಣಿಸಿತು. ಹೀಗಾಗಿ 1980ರಲ್ಲಿ ವರದಿ ಕೊಟ್ಟ ಮಂಡಲ್ ಆಯೋಗ ಹಿಂದುಳಿದವರು ನೂರಕ್ಕೆ 52 ಎಂದು ಅಂದಾಜು ಮಾಡಲು ಅರ್ಧ ಶತಮಾನದ ಹಿಂದಿನ ಅಂಕಿಗಳಿಗೇ ಮೊರೆಹೋಗಬೇಕಾಯಿತು. 2011ರಲ್ಲಿ ಗಣತಿಯಿಂದ ಪ್ರತ್ಯೇಕವಾಗಿ ನಡೆದ ಸಾಮಾಜಿಕ ಆರ್ಥಿಕ ಸಮೀಕ್ಷೆಯಲ್ಲಿ ಜನ ಹೇಳಿದ್ದನ್ನು ಹಾಗೆಹಾಗೆಯೇ ಬರೆದುಕೊಂಡಾಗ 46 ಲಕ್ಷಕ್ಕೂ ಹೆಚ್ಚು ಜಾತಿ, ಉಪಜಾತಿ, ಕುಲ, ಗೋತ್ರಗಳ ಹೆಸರು ಬಂದು ಬಿದ್ದವು. 1931ರಲ್ಲಿ ಇದ್ದುದು 4,147. ಆ ಅಂಕಿಗಳನ್ನು ಪ್ರಕಟಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಎಣಿಸುವ ಮುನ್ನ ಹೆಸರುಗಳ ಪಟ್ಟಿಯನ್ನು ಸಿದ್ಧಮಾಡಿಕೊಳ್ಳದಿದ್ದರೆ ಆಗುವ ಫಲವಿದು.

ಅನ್ನದ ಲೆಕ್ಕ

ಇಷ್ಟು ಹೆಣಗಿ ಎಣಿಸಿದ್ದರಿಂದ ಏನು ಪ್ರಯೋಜನ? ಮನೆಯಲ್ಲಿ ನೆಂಟರೆಷ್ಟು ಮಂದಿಯೆಂದು ತಿಳಿಯದೆ ಅಕ್ಕಿ ಹಾಕುವ ಗೃಹಿಣಿಯಿಲ್ಲ. ಆದರೆ ಪ್ರಯೋಜನ ಅಷ್ಟಕ್ಕೇ ಮುಗಿಯುವುದಿಲ್ಲ. ಯಾರೂ ಹುಡುಕಹೊರಡದ ಸತ್ಯವನ್ನೂ ಗಣತಿ ಎತ್ತಿ ತೋರಿಸಿದ್ದುಂಟು. 1961ರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 976 ಹೆಣ್ಣುಮಕ್ಕಳಿದ್ದರು. 1991ಕ್ಕೆ 945, 2001ಕ್ಕೆ 927. ಆ 2001ರಲ್ಲಿ ಸಿರಿವಂತವಾದ ಪಂಜಾಬಿನಲ್ಲಿ 798. ಬಡತನದಿಂದ ಹೆಣ್ಣು ಶಿಶುಗಳು ಸಾಯುತ್ತವೆಂದು ತಿಳಿದಿದ್ದವರಿಗೆ ಈ ಅಂಕಿ ಬೇರೆಯದೇ ಕಥೆ ಹೇಳಿತು; ಹಣವಿದ್ದಲ್ಲಿ, ಸ್ಕ್ಯಾನಿಂಗ್ ಯಂತ್ರವಿದ್ದಲ್ಲಿ, ಹೆಣ್ಣು ಹುಟ್ಟುವ ಮೊದಲೇ ಇಲ್ಲವಾಗುತ್ತಿದ್ದಳು. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಬಂದಿದ್ದರೂ ಅದಕ್ಕೆ ಎಷ್ಟು ಬೆಲೆ ಸಂದಿತೆಂಬುದನ್ನು ತಿಳಿಸಿದ್ದೂ ಗಣತಿಯೇ.

ಲೋಕಸಭೆಯ ಸ್ಥಾನಗಳ ಹಂಚಿಕೆಯೂ ಇದರಿಂದಲೇ. 1971ರ ಅಂಕಿಗಳಂತೆ ಕರ್ನಾಟಕಕ್ಕೆ 28 ಸ್ಥಾನಗಳು ಬಂದವು. ಆಗ ಒಬ್ಬ ಸದಸ್ಯನ ಪಾಲಿಗೆ ಹತ್ತೂವರೆ ಲಕ್ಷ ಜನ. 2011ಕ್ಕೆ ಅದು ಇಪ್ಪತ್ತೊಂದೂಮುಕ್ಕಾಲು ಲಕ್ಷ ದಾಟಿತು. ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟುಕೊಂಡ ರಾಜ್ಯಗಳು ಅದರಿಂದಲೇ ಸ್ಥಾನ ಕಳೆದುಕೊಳ್ಳಬಾರದೆಂದು 1976ರ ತಿದ್ದುಪಡಿ ಹಂಚಿಕೆಯನ್ನು ತಡೆದು ನಿಲ್ಲಿಸಿತು. 2001ರ 84ನೆಯ ತಿದ್ದುಪಡಿ ಆ ತಡೆಯನ್ನು 2026ರ ಅನಂತರದ ಮೊದಲ ಗಣತಿಯವರೆಗೆ ಬೆಳೆಸಿತು. ದಕ್ಷಿಣದ ರಾಜ್ಯಗಳು ಮುಂಬರುವ ಗಣತಿಯನ್ನು ಕೇವಲ ಕುತೂಹಲದಿಂದ ಕಾಯುತ್ತಿಲ್ಲವೆಂಬುದು ಸ್ಪಷ್ಟ.

ಆದರೆ ಎಣಿಕೆ ತಪ್ಪಿದರೆ ಪೆಟ್ಟು ಬೀಳುವುದು ಯಾರಿಗೆಂಬುದನ್ನು ತಿಳಿಯಲು ಸಂಸತ್ತಿಗಿಂತ ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲುವುದು ಮೇಲು. 2013ರ ಆಹಾರ ಭದ್ರತಾ ಕಾನೂನಿನಂತೆ ಹಳ್ಳಿಗಳಲ್ಲಿ ನೂರಕ್ಕೆ 75, ಪಟ್ಟಣಗಳಲ್ಲಿ ನೂರಕ್ಕೆ 50 ಮಂದಿಗೆ ಅಗ್ಗದ ಧಾನ್ಯ ಸಲ್ಲಬೇಕು. ನೂರಕ್ಕೆ ಎಂದರೆ ಯಾವ ನೂರು? ಪ್ರಕಟವಾದ ಕೊನೆಯ ಗಣತಿಯ ನೂರು. 2011ರ ಅಂಕಿಯ ಮೇಲೆ ಇದು ಸುಮಾರು 81 ಕೋಟಿಗೆ ನಿಂತಿತು. 2021ರಲ್ಲಿ ಆಗಬೇಕಾಗಿದ್ದ ಗಣತಿ ಕೋವಿಡ್ ಪಿಡುಗಿನಿಂದ ಮುಂದಕ್ಕೆ ಹೋಯಿತು, ಪಿಡುಗು ತಣ್ಣಗಾದ ಮೇಲೆಯೂ ಮುಂದಕ್ಕೆ ಹೋಗುತ್ತಲೇ ಇತ್ತು. ಜನ ಮಾತ್ರ ಹುಟ್ಟುತ್ತಲೇ ಇದ್ದರು. ಗಣತಿ ಹಳತಾದ ಒಂದೇ ಕಾರಣದಿಂದ ಹತ್ತು ಕೋಟಿಗೂ ಹೆಚ್ಚು ಮಂದಿ ಈ ಧಾನ್ಯದಿಂದ ಹೊರಗುಳಿದಿದ್ದಾರೆಂದು ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್, ರೀತಿಕಾ ಖೇರಾ ಅವರು 2020ರಲ್ಲಿಯೇ ಲೆಕ್ಕಹಾಕಿ ತೋರಿಸಿದರು. 2011ರ ಬಳಿಕ ಮದುವೆಯಾಗಿ ಬೇರೆ ಒಲೆ ಹೂಡಿದ ಬಡ ದಂಪತಿಗಳು ಚೀಟಿಗಾಗಿ ಅರ್ಜಿ ಹಿಡಿದು ಹೋದರೆ ‘ಕೋಟಾ ಮುಗಿದಿದೆ’ ಎಂಬ ಉತ್ತರ ಸಿಕ್ಕುವುದಕ್ಕೆ ಗುಮಾಸ್ತನ ಗಡಸುತನವೊಂದೇ ಕಾರಣವಲ್ಲ. ಅವರು ಇದ್ದಾರೆಂಬುದು ಲೆಕ್ಕದ ಪುಸ್ತಕಕ್ಕೆ ಇನ್ನೂ ಗೊತ್ತಿಲ್ಲ.

2025ರ ಜೂನ್ 16ರಂದು ಹೊರಟ ಅಧಿಸೂಚನೆಯಂತೆ ಮುಂದಿನ ಗಣತಿಯ ಲೆಕ್ಕದ ಕ್ಷಣ 2027ರ ಮಾರ್ಚ್ 1ರ ನಡುರಾತ್ರಿ. ಹಿಮ ಬೀಳುವ ಲಡಾಖ್ ಮುಂತಾದ ಪ್ರದೇಶಗಳಿಗೆ 2026ರ ಅಕ್ಟೋಬರ್ 1. ಮೇರೆಗಳನ್ನು 2025ರ ಡಿಸೆಂಬರ್ 31ಕ್ಕೆ ನಿಲ್ಲಿಸಬೇಕೆಂದು ಗೊತ್ತುಮಾಡಲಾಯಿತು. 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯನ್ನು ಮನೆಪಟ್ಟಿಗೆ ಮೀಸಲಿಡಲಾಯಿತು. ಕೇಂದ್ರ ಸಂಪುಟ 11,718 ಕೋಟಿ ರೂಪಾಯಿ ಮಂಜೂರು ಮಾಡಿತು. ಕಾಗದದ ಬದಲು ಮೊಬೈಲಿನಲ್ಲಿ ಬರೆದುಕೊಳ್ಳುವುದು, ಬೇಕಾದವರು ತಮ್ಮ ವಿವರಗಳನ್ನು ತಾವೇ ತುಂಬುವುದು, ಸ್ವತಂತ್ರ ಭಾರತದಲ್ಲಿ ಮೊದಲ ಸಲ ಎಲ್ಲರ ಜಾತಿಯನ್ನೂ ಕೇಳುವುದು ಇದರ ಹೊಸತುಗಳು. ಯಂತ್ರ ಹೊಸದಾದರೂ ಬಿಸಿಲಿನಲ್ಲಿ ಮೆಟ್ಟಿಲು ಹತ್ತಿ ಇಳಿಯಬೇಕಾದವರು ಅದೇ ಮೇಷ್ಟ್ರುಗಳು.

ಎಷ್ಟು ಎಚ್ಚರ ವಹಿಸಿದರೂ ಕೆಲವರು ಬಿಟ್ಟುಹೋಗುತ್ತಾರೆ. ಗಣತಿ ಮುಗಿದೊಡನೆ ಕೆಲವು ಬ್ಲಾಕುಗಳನ್ನು ಆರಿಸಿ, ಬೇರೆಯವರಿಂದ ಮತ್ತೆ ಎಣಿಸಿ ತಾಳೆ ನೋಡುವುದು ಪದ್ಧತಿ. 2011ರಲ್ಲಿ ಹೀಗೆ ನೋಡಿದಾಗ ಸಾವಿರಕ್ಕೆ 23 ಮಂದಿ ತಪ್ಪಿದ್ದರೆಂದು ತಿಳಿಯಿತು. ತಮ್ಮ ತಪ್ಪನ್ನು ತಾವೇ ಅಳೆದು ಅಚ್ಚುಹಾಕಿಸುವ ಸರ್ಕಾರಿ ಇಲಾಖೆಗಳು ಹೆಚ್ಚಿಲ್ಲ.

ಬಾಗಿಲೇ ಇಲ್ಲದವರ ಬಾಗಿಲು ತಟ್ಟುವುದು ಎಲ್ಲಕ್ಕಿಂತ ಕಷ್ಟ. ಅವರಿಗಾಗಿ ಹಳೆಯ ಒಂದು ರಾತ್ರಿಯ ಪದ್ಧತಿಯನ್ನೇ ಉಳಿಸಿಕೊಂಡಿದ್ದಾರೆ. 2011ರ ಫೆಬ್ರವರಿ 28ರ ರಾತ್ರಿ, ಊರೆಲ್ಲ ಮಲಗಿದ ಮೇಲೆ, ಗಣತಿದಾರರು ರೈಲ್ವೆ ಪ್ಲಾಟ್‌ಫಾರಂ, ದೇವಸ್ಥಾನದ ಮಂಟಪ, ಫ್ಲೈಓವರಿನ ಅಡಿ, ಮುಚ್ಚಿದ ಅಂಗಡಿಗಳ ಜಗಲಿಗಳಿಗೆ ಹೋದರು. ಒಂದೇ ರಾತ್ರಿಯಲ್ಲಿ, ಅವರು ಎದ್ದು ಬೇರೆಡೆಗೆ ಹೋಗುವ ಮೊದಲು, ಮಲಗಿದವರನ್ನು ಎಬ್ಬಿಸಿ ಹೆಸರು, ವಯಸ್ಸು, ತಾಯಿನುಡಿ ಕೇಳಿ ಬರೆದುಕೊಂಡರು. ಬೆಳಗಾಗುವ ಹೊತ್ತಿಗೆ ದೇಶದಲ್ಲಿ ಹೀಗೆ ಸಿಕ್ಕಿದವರು 17,73,040 ಮಂದಿ.